ಒಳಮಗ್ಗಲಿನ ರಿಪೇರಿ

ನಮ್ಮ ಚಿಕ್ಕಪ್ಪ ದರ್ಜಿ. ಬಟ್ಟೆಯ ವಿಷಯದಲ್ಲಿ ಅವನ ಕೈಗೆ ಎದುರಿಲ್ಲ. ಉಳಿದ ವಿಷಯಗಳಲ್ಲಿ ಆ ಕೈಯನ್ನು ಕಟ್ಟಿಹಾಕುವವರಿಲ್ಲ. ಮನೆಯ ನಲ್ಲಿ, ಫ್ಯಾನು, ಮಿಕ್ಸಿ ಎಲ್ಲವೂ ಅವನ ಕೈಯಲ್ಲಿ ಒಮ್ಮೆ ಸತ್ತು ಬದುಕಿವೆ. ಮಿಕ್ಸಿ ಮಾತ್ರ ಬದುಕಲಿಲ್ಲ.

ಅವತ್ತು ಚಿಕ್ಕಮ್ಮನ ಡ್ರೈವಿಂಗ್ ಟೆಸ್ಟು. ಹಿಂದೆ ಎರಡು ಸಲ ಫೇಲಾಗಿದ್ದಳು. ಕಲಿಕಾ ಲೈಸೆನ್ಸಿನ ಅವಧಿ ಅಂದಿಗೇ ಮುಗಿಯುತ್ತಿತ್ತು, ತಪ್ಪಿದರೆ ಮತ್ತೆ ಅ ಆ ಇ ಈಯಿಂದ ಶುರು. ಗ್ಯಾರೇಜಿನ ಶಟರೆತ್ತಿ, ಕಾರಿಗೆ ಕೀಲಿ ಸಿಕ್ಕಿಸಿ, ಬಟ್ಟೆ ಬದಲಿಸಲು ಒಳಗೆ ಹೋದಳು. ಶಟರು ಕಿರುಗುಟ್ಟಿದ್ದು ಚಿಕ್ಕಪ್ಪನ ಕಿವಿಗೆ ಬಿತ್ತು. ನಮ್ಮ ಗ್ರಹಚಾರ.

ಹರಿದದ್ದನ್ನು ಒಳಮಗ್ಗಲಿಂದಲೇ ಹೊಲಿಯಬೇಕು, ಹೊಲಿಗೆ ಹೊರಗೆ ಕಾಣಬಾರದು ಎನ್ನುವುದು ದರ್ಜಿಗಳ ಕಟ್ಟಳೆ. ಚಿಕ್ಕಪ್ಪ ಇಲ್ಲೂ ಅದನ್ನೇ ಪಾಲಿಸಿದ. ಗ್ಯಾರೇಜಿನೊಳಗೆ ನಿಂತು, ಶಟರನ್ನು ಪೂರ್ತಿ ಕೆಳಗೆಳೆದುಕೊಂಡು, ಅದು ಜಾರುವ ಪಕ್ಕದ ಪಟ್ಟಿಯ ಬೋಲ್ಟುಗಳನ್ನು ಬಿಚ್ಚಿದ. ಧಡ್ ಎಂದಿತು. ಶಟರು ಓರೆಯಾಗಿ ಸಿಕ್ಕಿಕೊಂಡಿತು. ಒಳಗೆ ಕಾರು, ಕೀಲಿ, ಚಿಕ್ಕಪ್ಪ. ಆ ಗ್ಯಾರೇಜಿಗೆ ಬೇರೆ ಬಾಗಿಲಿಲ್ಲ.

"ರೀ, ಏನಾಯ್ತು?" ಚಿಕ್ಕಮ್ಮ ಓಡಿಬಂದಳು, ಹಿಂದೆಯೇ ನಾನು.

"ಏನಿಲ್ಲ ಕಣೇ. ಫಿಟ್ಟಿಂಗ್ ಸ್ವಲ್ಪ ಟೈಟಾಗಿದೆ."

"ಟೆಸ್ಟಿಗೆ ಹೊತ್ತಾಯ್ತು! ಇವತ್ತು ತಪ್ಪಿದ್ರೆ ನೀವು ಅಲ್ಲೇ ಬಿದ್ದಿರಿ, ಊಟ ಕೆಳಗಿಂದ ತಳ್ತೀನಿ!"

ಒಳಗಿಂದ ಚಿಕ್ಕಪ್ಪ ಸುತ್ತಿಗೆಯಲ್ಲಿ ಬಡಿದ, ಹೊರಗಿಂದ ನಾವಿಬ್ಬರೂ ಸೇರಿ ಎತ್ತಿದೆವು. ಶಟರು ಜಪ್ಪಯ್ಯ ಅನ್ನಲಿಲ್ಲ. ಚಿಕ್ಕಮ್ಮ ಅಲ್ಲೇ ಕೂತು ಅತ್ತುಬಿಟ್ಟಳು.

ಒಳಗಿನ ಸುತ್ತಿಗೆ ಸದ್ದು ನಿಂತಿತು. "ಅಳ್ಬೇಡ ಕಣೇ. ಶಟರನ್ನ ಕಾರಲ್ಲೇ ತಳ್ತೀನಿ. ಹೇಗೆ ಓಡ್ಸೋದು ಹೇಳು."

ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿದವನಲ್ಲ. ಆದರೂ ಇಷ್ಟು ದಿನ ಅವಳ ಹಿಂದಿನ ಸೀಟಲ್ಲಿ ಕೂತು, "ಹಾಗಲ್ಲ, ಹೀಗೆ" ಎಂದು ಪಾಠ ಮಾಡಿದವನು.

ಚಿಕ್ಕಮ್ಮ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು. "ಎಡಗಾಲಲ್ಲಿ ಕ್ಲಚ್ ಪೂರ್ತಿ ಒತ್ತಿ. ಸ್ಟಾರ್ಟ್ ಮಾಡಿ. ಫಸ್ಟ್ ಗೇರು. ಹ್ಯಾಂಡ್ ಬ್ರೇಕ್ ಇಳಿಸಿ. ಈಗ ಕ್ಲಚ್ ನಿಧಾನಕ್ಕೆ ಬಿಡಿ... ನಿಧಾನ ಅಂದ್ನಲ್ರೀ!"

ಶಟರನ್ನು ಕಿತ್ತುಕೊಂಡು ಅಂಗಳದವರೆಗೂ ನುಗ್ಗಿದ ಕಾರು ಅಲ್ಲಿ ಆಫಾಯಿತು. ಚಿಕ್ಕಪ್ಪ ಇಳಿದ. ಕಾರಿನ ಬಾಗಿಲು ತೆರೆದು ಹಿಡಿದ. "ಹೋಗು, ಹೋಗು," ಎಂದ.

ಲೈಸೆನ್ಸ್ ಇದ್ದ ನಾನು ಪಕ್ಕದಲ್ಲಿ ಕೂತು ಹೋದೆ. ಚಿಕ್ಕಮ್ಮ ಒಂದೇ ಒಂದು ತಪ್ಪಿಲ್ಲದೆ ಓಡಿಸಿ ಪಾಸಾದಳು. ಸಹಿ ಹಾಕಿದ ಅಧಿಕಾರಿ ನಜ್ಜುಗುಜ್ಜಾದ ಬಂಪರಿನತ್ತ ಬೆರಳು ಮಾಡಿದರು.

"ಇಷ್ಟು ಚೆನ್ನಾಗಿ ಓಡಿಸ್ತೀರಲ್ಲ, ಇದು ಯಾರ ಕೆಲಸ?"

"ನಮ್ಮನೆಯವ್ರದು ಸರ್," ಎಂದಳು ಚಿಕ್ಕಮ್ಮ. "ಓಡಿಸಿದ್ದು ಇವತ್ತೇ ಮೊದಲು. ನಾನೇ ಹೇಳಿಕೊಟ್ಟಿದ್ದು."