ಜೇಜುರಿ ಮೆಟ್ಟಿಲ ಮೇಲೆ ಒಂದು ಗುಟುಕು

ಆಗೆಲ್ಲ ನಮ್ಮ ಮನೆಯ ಹೆಂಗಸರು ಪ್ರಯಾಣದ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ಉಪವಾಸವಲ್ಲ, ವ್ರತವಲ್ಲ, ದಾರಿಯಲ್ಲಿ ಹೆಂಗಸರಿಗೆ ಶೌಚಕ್ಕೆ ಜಾಗವಿರುತ್ತಿರಲಿಲ್ಲ, ಅಷ್ಟೇ. ಅಪ್ಪ ಮಾತ್ರ ಬಸ್ಸು ನಿಂತಲ್ಲೆಲ್ಲ ಕಬ್ಬಿನ ಹಾಲು ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ನನಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಪುಣೆಯಿಂದ ಜೇಜುರಿಯ ಗುಡ್ಡದ ಗುಡಿಗೆ ಹೊರಟೆವು. ಅವ್ವ ನನ್ನನ್ನೂ ಈ ಕಟ್ಟಳೆಗೆ ಸೇರಿಸಿಕೊಂಡಳು.

"ಈಗ ನೀ ದೊಡ್ಡಾಕಿ. ನೀರಿನ ಬಾಟಲಿ ನಿನ್ನ ಕಡೇನ ಇರ್ಲಿ. ತಿರುಗಿ ಮನಿ ಮುಟ್ಟೂತನಕ ಇಬ್ರೂ ಕುಡಿಯೂದು ಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ."

ನಾನು ಹಿಗ್ಗಿಹೋದೆ. ಆದರೆ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಡೀಸೆಲ್ ವಾಸನೆ, ಬುತ್ತಿಯ ಗಂಟಿನಿಂದ ಶೇಂಗಾ ಹಿಂಡಿಯ ಖಾರದ ಘಮ. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಬಾಟಲಿಯನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸುತ್ತ, "ಇನ್ನ ಎಷ್ಟ ದೂರ ಅದ?" ಎಂದು ಜೀವ ತಿಂದೆ.

ಜೇಜುರಿಯಲ್ಲಿ ಇಳಿದ ಮೇಲೆ ಅಪ್ಪ ಮುಂದೆ ಮುಂದೆ ಗುಡಿಯ ಮೆಟ್ಟಿಲು ಹತ್ತುತ್ತಿದ್ದ. ನಡುವೆ ಅವ್ವ ಹಣೆ ಒತ್ತಿಕೊಂಡು ನಿಂತಳು. "ತಲಿ ಭಾಳ ನೋಯಾಕ್ಹತ್ತದ. ಒಂದ್ ಗುಟುಕು ಕೊಡು."

ನಾನು ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದೆ. "ಇನ್ನ ಬಸ್ಸಿನ್ಯಾಗ ವಾಪಸ್ ಹೋಗೂದು ಅದ ಅಲ್ಲಾ!"

"ಖರೇ ಅದ," ಎಂದು ಅವ್ವ ನಕ್ಕಳು. ಇನ್ನೂ ಆರು ಮೆಟ್ಟಿಲು ಹತ್ತಿ, ಅರಿಶಿನ ಚೆಲ್ಲಿದ ಕಲ್ಲಿನ ಮೇಲೆ ಕುಸಿದುಬಿದ್ದಳು.

ಭಂಡಾರದ ಅರಿಶಿನಪುಡಿ ಮಾರುವ ಮುದುಕಿಯೊಬ್ಬಳು ಓಡಿಬಂದು ನನ್ನ ಕೈಯಿಂದ ಬಾಟಲಿ ಕಸಿದಳು. "ಅಗ ಪೋರೀ, ಪಾಣೀ ಅಸೂನ್ ದಿಲ ನಾಹೀಸ್?" ನೀರಿದ್ದೂ ಕೊಡಲಿಲ್ಲವೇ ಎಂಬ ಆ ಮರಾಠಿ ಮಾತು ಇನ್ನೂ ಕಿವಿಯಲ್ಲಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನು ಚೆನ್ನಾಗಿ ಬೈದರು. ಅವ್ವನ ಮೈಯಲ್ಲಿ ನೀರಿನ ಪಸೆಯೇ ಇರಲಿಲ್ಲ. ಮೂತ್ರದಲ್ಲಿ ಸೋಂಕು, ಕಿಡ್ನಿಯಲ್ಲಿ ಕಲ್ಲು. ಒಂದು ದಿನದ್ದಲ್ಲ, ವರ್ಷಗಟ್ಟಲೆ ನೀರು ಕಡಿಮೆ ಕುಡಿದದ್ದರ ಫಲ ಎಂದರು. ಮೂತ್ರಕ್ಕೆ ಹೋದಾಗ ಉರಿ ಇತ್ತೆಂದು ಅವಳು ಯಾರಿಗೂ ಹೇಳಿರಲೇ ಇಲ್ಲ.

ಈಗ ಕಾರು ನನ್ನದೇ. ಹೆದ್ದಾರಿಯಲ್ಲಿ ನಿಲ್ಲಲು ಒಳ್ಳೆಯ ಜಾಗಗಳಿವೆ. ಅವ್ವ ಹೇಳಿದಲ್ಲಿ ನಿಲ್ಲಿಸುತ್ತೇನೆ. ನೀರಡಿಸಿದೊಡನೆ ಎತ್ತಿ ಕುಡಿಯುವ ಸಲೀಸು ಮಾತ್ರ ಅವಳಿಂದ ಎಂದೋ ಹೋಯಿತು. ಅದನ್ನು ಕಳೆದವರಲ್ಲಿ ನಾನೂ ಒಬ್ಬಳು. ಪ್ರತಿಸಲ ಹೊರಡುವ ಮುನ್ನ ಅವ್ವ ತುಂಬಿದ ಲೋಟ ಹಿಡಿದು, ಆ ಬಾಟಲಿ ಇನ್ನೂ ನನ್ನ ಬೆನ್ನ ಹಿಂದೆಯೇ ಇರುವ ಹಾಗೆ ನನ್ನ ಮುಖ ನೋಡುತ್ತಾಳೆ.

"ಕುಡೀಲೇನವಾ?"