ಎರಡು ವಾಲ್ಯೂಮ್ ಬೇಕೆಂದ ವಿಲ್ಲಿ

ಗೆಳೆಯರೇ, ಇಂದು ಸಂಜೆ ಇಲ್ಲಿ ಗಲ್ಫಿನ ದೇರಾ ಪೇಟೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ವಾಲ್ಯೂಮ್ ಕಂಟ್ರೋಲ್ ವಿಷಯಕ್ಕೆ ಸಣ್ಣ ವಾದವಾಯಿತು. ರುವೈಸ್‌ನ ತೈಲ ಘಟಕದಲ್ಲಿ ಕಿವಿಗಡಚಿಕ್ಕುವ ಕಂಪ್ರೆಸರ್‌ಗಳ ನಡುವೆ ಕೆಲಸ ಮಾಡುವ ನನ್ನ ಗೆಳೆಯ ವಿಲ್ಲಿ ಹಾಡು ಕೇಳಲು ಮನೆಯಲ್ಲೇ ಪ್ರಿಆಂಪ್ಲಿಫೈಯರ್ ಕಟ್ಟುತ್ತಿದ್ದಾನೆ. ಎಡ ಸ್ಪೀಕರಿಗೊಂದು, ಬಲ ಸ್ಪೀಕರಿಗೊಂದು ಎಂದು ಎರಡು ಕಂಟ್ರೋಲ್ ಕೇಳಿದ.

ಅಂಗಡಿಯವರು ಪುತ್ತೂರಿನ ಬ್ಯಾರಿ. “ಎರಡು ಎಂತಕೆ ಮಾರಾಯ್ರೆ? ಸ್ಟೀರಿಯೊದ್ದು ಒಂದೇ ಸಾಕು, ಎರಡೂ ಬದಿ ಒಟ್ಟಿಗೇ ಏರ್ತದೆ. ಬೇರೆ ಬೇರೆ ಹಾಕಿದ್ರೆ ಎಡ ಬಲ ಸಮ ಆಗುದೇ ಇಲ್ಲ.”

ನಾನೂ ಅವರ ಪರ ವಹಿಸಿದೆ. “ಅವರು ಹೇಳುದು ಸರಿ ಅಲ್ವಾ? ಸುಮ್ನೆ ಹಠ ಯಾಕೆ ನಿಂಗೆ?”

ವಿಲ್ಲಿ ತನ್ನ ಎಡಗಿವಿ ಮುಟ್ಟಿ ತೋರಿಸಿದ. ಆಮೇಲೆ ಹೇಳಿದ: “ನಂಗೆ ಸಮ ಆಗುದು ಬೇಡ. ಎಡಗಿವಿ ಅರ್ಧ ಹೋಗಿದೆ. ಯಾವ ಹಾಡು ಹಾಕಿದ್ರೂ ಬಲಕ್ಕೆ ವಾಲಿಯೇ ಕೇಳ್ತದೆ. ಒಮ್ಮೆ ನಡುವಿಗೆ ಬಂದ್ರೆ ಸಾಕು.”

ಇಷ್ಟು ವರ್ಷಗಳ ಸ್ನೇಹದಲ್ಲಿ ಈ ಮಾತು ನನಗೆ ಗೊತ್ತಿರಲಿಲ್ಲ. ಅಂಗಡಿಯವರು ಎರಡು ಕಂಟ್ರೋಲ್ ತೆಗೆದು, ತಿರುಗಿಸಿ ಪರೀಕ್ಷಿಸಿ ಕೊಟ್ಟರು. “ಎಡದ್ದಕ್ಕೆ ದೊಡ್ಡ ನಾಬ್ ಹಾಕಿ. ಕತ್ತಲೆಯಲ್ಲೂ ಗೊತ್ತಾಗ್ತದೆ” ಎಂದರು.

ವಾಪಸು ಬರುವಾಗ ಎಂದಿನಂತೆ ಅವನೇ ಕಾರು ಓಡಿಸಿದ. ಇಲ್ಲಿ ಓಡಿಸುವವನು ಎಡಗಡೆ ಕೂರುತ್ತಾನೆ, ಪಕ್ಕದವನ ಮಾತು ಬಲಗಿವಿಗೆ ಬೀಳುತ್ತದೆ. ಅದು ಹೊಳೆದದ್ದು ಇವತ್ತು.

“ನೀನು ಸ್ಟೇರಿಂಗ್ ಬಿಟ್ಟುಕೊಡದೇ ಇದ್ದದ್ದು ಇದಕ್ಕಾ? ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡಿದ್ದೆ.”

“ಅದೂ ಉಂಟು” ಎಂದ ವಿಲ್ಲಿ.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಕೊನೆಯ ಮಾತನ್ನು ಬಿಡಬಾರದೆಂಬುದು ಅವನ ಷರತ್ತು.