ಸತ್ತವನ ದನಿಯಲ್ಲಿ ಬಂದ ಫೋನು

ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮುಖ ಮರೆತೇನು, ದನಿ ಮರೆಯುವವಳಲ್ಲ. ಅದರಲ್ಲೂ ನಮ್ಮ ಲೈನ್‌ಮನ್ನನ ದನಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಅವನು ಕಾಡಿನ ನಡುವೆ ಕಂಬ ಹತ್ತಿ, ಅಲ್ಲಿಂದಲೇ ನನಗೆ ಫೋನು ಮಾಡಿ ಲೈನು ಪರೀಕ್ಷಿಸುತ್ತಿದ್ದ. ಎರಡು ಸಲ ಗಂಟಲು ಸರಿಮಾಡಿಕೊಂಡು, ಮೂಗಿನಲ್ಲಿ ಎಳೆದು, "ಅಕ್ಕಾ, ಬಂತಾ?" ಅನ್ನುತ್ತಿದ್ದ. ಆಷಾಢದಲ್ಲಿ ಎದೆನೋವು ಬಂದು ತೀರಿಕೊಂಡ. ಅವನ ಊರು ಕಳಸಕ್ಕೆ ಹೋಗಿ ಮಣ್ಣು ಮುಗಿಸಿಕೊಂಡು ಬಂದಿದ್ದೆ.

ಅವನು ಸತ್ತು ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಬಣಕಲ್ಲಿನ ನಮ್ಮ ಮನೆಯ ಅಂಗಳದಲ್ಲಿ ಮೆಣಸು ಹರವುತ್ತಿದ್ದಾಗ ಮೊಬೈಲ್ ಬಡಿದುಕೊಂಡಿತು. ಎತ್ತಿದೆ. ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅವನದೇ ದನಿ.

"ಮೇಡಂ, ಮುಂಬೈಯಿಂದ ಪೊಲೀಸ್ ಅಧಿಕಾರಿ ಮಾತಾಡ್ತಿರೋದು. ನಿಮ್ಮ ಹೆಸರಲ್ಲಿ ಒಂದು ಪಾರ್ಸೆಲ್ ಸಿಕ್ಕಿದೆ."

ಇಂಥ ಕಳ್ಳ ಫೋನುಗಳ ಬಗ್ಗೆ ಪೇಪರಿನಲ್ಲಿ ಓದಿದ್ದೆ. ನನಗೇನಾದರೂ ಬಂದರೆ ಚೆನ್ನಾಗಿ ಉಗಿಯಬೇಕೆಂದು ಬೈಗುಳ ಜೋಡಿಸಿಟ್ಟುಕೊಂಡೂ ಇದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಅಯ್ಯೋ ಮಾರಾಯ, ನೀನಾ? ಕಳಸದವ್ನಾ?" ಅಂದುಬಿಟ್ಟೆ. ಆ ಕಡೆಯ ಮಾತು ಅರ್ಧಕ್ಕೇ ನಿಂತಿತು. ಹಿಂದೆ ಯಾರೋ ನನಗೆ ತಿಳಿಯದ ಭಾಷೆಯಲ್ಲಿ ಗದರಿದರು. ಫೋನು ಕಟ್ಟಾಯಿತು.

ಮಧ್ಯಾಹ್ನದ ಬಸ್ಸಿಗೇ ಕಳಸಕ್ಕೆ ಹೋದೆ. ಅವನ ಹೆಂಡತಿ ಅಂಗನವಾಡಿಯಲ್ಲಿ ಸಹಾಯಕಿ. ಅಲ್ಲಿನ ಮಕ್ಕಳನ್ನು ಮನೆಗೆ ಕಳಿಸಿ ಪಾತ್ರೆ ತೊಳೆಯುತ್ತಿದ್ದಳು. ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾಳೆ ಎಂದುಕೊಂಡೇ ಫೋನಿನ ಸಂಗತಿ ಹೇಳಿದೆ. ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಅದು ಮಗ, ಅಕ್ಕಾ. ಅವಂದೂ ಥೇಟ್ ಅಪ್ಪನ ದನಿನೇ, ಗಂಟ್ಲು ಸರಿಮಾಡೋದೂ ಹಾಗೇ. ಇವ್ರು ಹೋಗೋಕೆ ಎರಡು ತಿಂಗ್ಳು ಮುಂಚೆ ಕಂಪ್ಯೂಟರ್ ಕೆಲ್ಸ ಅಂತ ಏಜೆಂಟ್ ಅವನನ್ನ ಬ್ಯಾಂಕಾಕಿಗೆ ಕರ್ಕಂಡ್ ಹೋದ. ತಿಂಗ್ಳಲ್ಲೇ ಫೋನು ನಿಂತೋಯ್ತು. ಅಪ್ಪ ಹೋಗಿದ್ದು ಅವ್ನಿಗೆ ಗೊತ್ತೇ ಇಲ್ಲ."

ಮಾರನೇ ದಿನ ಇಬ್ಬರೂ ಚಿಕ್ಕಮಗಳೂರಿಗೆ ಹೋಗಿ ಸೈಬರ್ ಠಾಣೆಯಲ್ಲಿ ಕೂತೆವು. ಇನ್ಸ್‌ಪೆಕ್ಟರ್ ಹೆಣ್ಣುಮಗಳು. ಹೀಗೆ ಕರೆದುಕೊಂಡು ಹೋದವರನ್ನು ಬ್ಯಾಂಕಾಕಿನಿಂದ ಪಕ್ಕದ ದೇಶಕ್ಕೆ ಗಡಿ ದಾಟಿಸಿ, ಬೇಲಿಯೊಳಗೆ ಕೂಡಿಹಾಕಿ ಇಂಥ ಫೋನು ಮಾಡಿಸುತ್ತಾರೆಂದು ಹೇಳಿದಳು. ಅವರನ್ನು ಬಿಡಿಸಲು ಆ ದೇಶದ ಪೊಲೀಸರ ಜೊತೆ ನಮ್ಮವರೂ ಸೇರಿಕೊಂಡಿದ್ದಾರೆ. ಅಧಿಕಾರಿಗಳು ಅಲ್ಲಿಗೆ ಹೋಗಲು, ದುಭಾಷಿಗಳಿಗೆ, ಬಿಡಿಸಿದವರ ವಿಮಾನದ ಟಿಕೆಟ್ಟಿಗೆ ಸರ್ಕಾರ ದುಡ್ಡು ತೆಗೆದಿಟ್ಟಿದೆಯಂತೆ. ಆ ಸುದ್ದಿ ಪೇಪರಿನಲ್ಲಿ ಬಂದ ದಿನ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಆಡಿಕೊಂಡವಳು ನಾನೇ. ನಮ್ಮೂರ ರಸ್ತೆಗೆ ಜಲ್ಲಿ ಹಾಕಲು ಗತಿಯಿಲ್ಲ, ಯಾವುದೋ ದೇಶದ ಪೊಲೀಸರ ಜೊತೆ ಮೀಟಿಂಗಿಗೆ ದುಡ್ಡಂತೆ! ಈಗ ಆ ದುಡ್ಡಿನಲ್ಲಿ ಒಂದು ಟಿಕೆಟ್ಟು ಸಿಗಲೆಂದು ಕೈಮುಗಿದು ಕೂತಿದ್ದೆ. ನಾಚಿಕೆಯಾಯಿತು.

"ನೋಡಿ ಅಮ್ಮಾ, ಅಲ್ಲಿಗೆ ಹೋಗೋ ತಂಡದ ಕೈಲಿ ಒಂದು ಪಟ್ಟಿ ಇರುತ್ತೆ," ಅಂದಳು ಇನ್ಸ್‌ಪೆಕ್ಟರ್. "ಅದ್ರಲ್ಲಿ ಹೆಸರಿದ್ರೆ ಮನೆಗೆ. ಇಲ್ದಿದ್ರೆ ಇವನೂ ಕಳ್ಳನೇ ಅಂತ ಅಲ್ಲಿನ ಜೈಲಿಗೆ. ಅಲ್ಲಿದಾನೆ ಅನ್ನೋಕೆ ಸಾಕ್ಷಿ ಬೇಕು. ಒಂದ್ಸಲ ಎತ್ತಿದ ನಂಬರಿಗೆ ಮತ್ತೆ ಮಾಡ್ತಾರೆ. ಬಂದ್ರೆ ರೆಕಾರ್ಡ್ ಮಾಡಿ, ನಂಬಿದೋರ ಹಾಗೆ ಮಾತಾಡ್ತಾ ಇರಿ. ಹೆಸರು ಹಿಡಿದು ಕರೀಬೇಡಿ. ಕಾವಲಿನೋರು ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ತಿರ್ತಾರೆ. ಹುಡುಗ ಅತ್ರೆ ಹೊಡೀತಾರೆ."

ಹುಡುಗನ ತಾಯಿ ಅಂಗನವಾಡಿಗೆ ರಜೆ ಹಾಕಿ ನಮ್ಮ ಮನೆಯಲ್ಲೇ ಉಳಿದಳು. ಗ್ಯಾಸಿನವನು ಫೋನು ಮಾಡಿದರೂ ಇಬ್ಬರೂ ಓಡಿ ಬರುತ್ತಿದ್ದೆವು. ಹನ್ನೆರಡನೇ ದಿನ, ಕಾಫಿ ಕುಡಿಯುತ್ತಿದ್ದಾಗ ಬಂತು. ಸ್ಪೀಕರಿಗೆ ಹಾಕಿ ರೆಕಾರ್ಡ್ ಒತ್ತಿದೆ. ಗಂಟಲಿನ ಸದ್ದು ಕೇಳಿದ್ದೇ ತಡ, ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು, ಗಂಡ ಬಾಗಿಲಿಗೆ ಬಂದ ಹಾಗೆ. ನನಗೆ ಆ ದನಿಗಿಂತ ಅವಳನ್ನು ನೋಡಿಯೇ ಹೆಚ್ಚು ಹೆದರಿಕೆಯಾಯಿತು.

ಹುಡುಗ ಪಾಠ ಒಪ್ಪಿಸುವಂತೆ ಓದುತ್ತಾ ಹೋದ. ಪಾರ್ಸೆಲ್, ವಾರಂಟು, ಕೋರ್ಟು. ನಾನು ಹೂಂಗುಟ್ಟುತ್ತಾ ಹೋದೆ.

"ಮನೇಲಿ ಯಾರ್ಯಾರಿದೀರಿ ಮೇಡಂ?"

"ನಾನು, ಮತ್ತೆ ನನ್ ತಂಗಿ. ಕಳಸದೋಳು. ಅಂಗನವಾಡೀಲಿ ಕೆಲ್ಸ."

ಅವನು ಸುಮ್ಮನಾದಾಗ ಅವನ ಹಿಂದಿನ ದನಿಗಳು ಕೇಳಿಸಿದವು. ಎಷ್ಟೋ ಜನ, ಯಾವ ಯಾವುದೋ ಭಾಷೆಗಳಲ್ಲಿ, ಅದೇ ಪಾಠವನ್ನು ಒಪ್ಪಿಸುತ್ತಿದ್ದರು.

"ಅವರ... ಅವರ ಯಜಮಾನ್ರು?"

ಅವಳು ನನ್ನ ರಟ್ಟೆಯನ್ನು ಉಗುರು ಊರುವಂತೆ ಹಿಡಿದು ತಲೆಯಾಡಿಸಿದಳು. ಬೇಡ, ಹೇಳಬೇಡ. ಅಲ್ಲಿ ಅವನು ಅತ್ತರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಇದಾರಲ್ಲ," ಅಂದೆ. "ಎಲ್ಲೋ ಲೈನ್ ಹೋಗಿದೆ ಅಂತ ಕಂಬ ಹತ್ತಿದಾರೆ. ಇಳಿದು ಬರ್ಬೇಕಷ್ಟೆ."

ಅವನು ದೊಡ್ಡದಾಗಿ ಒಂದು ಉಸಿರು ಬಿಟ್ಟ. "ಸರಿ ಮೇಡಂ," ಅಂದು ಮುಂದಕ್ಕೆ ಓದಿದ. ದನಿ ಮೊದಲಿಗಿಂತ ಗಟ್ಟಿಯಾಗಿತ್ತು. ಸಾಕ್ಷಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವನನ್ನು ಲೈನಿನಲ್ಲಿ ನಿಲ್ಲಿಸಿಕೊಂಡೆ. ಅದಕ್ಕಿಂತ ಒಳ್ಳೆಯ ಡ್ಯೂಟಿ ನಾನು ಸರ್ವೀಸಿನಲ್ಲೂ ಮಾಡಿರಲಿಲ್ಲ.

ಆ ರೆಕಾರ್ಡಿಂಗ್ ಠಾಣೆಗೆ ಕೊಟ್ಟ ಮೇಲೆ ಪಟ್ಟಿಗೆ ಅವನ ಹೆಸರು ಸೇರಿತು. ತಂಡ ಹೋಯಿತು. ಮಳೆ ಹಿಡಿಯುವ ಹೊತ್ತಿಗೆ ಅವನನ್ನು ಇಲಾಖೆಯ ಜೀಪಿನಲ್ಲೇ ಕಳಸದ ಮನೆಗೆ ತಂದು ಬಿಟ್ಟರು. ಅರ್ಧಕ್ಕರ್ಧ ಇಳಿದುಹೋಗಿದ್ದ. ತಾಯಿಯನ್ನು ತಬ್ಬಿಕೊಂಡು ನಿಂತ, ಆದರೆ ಅವಳ ಬರಿಯ ಹಣೆಯನ್ನು ನೋಡದ ಹಾಗೆ ಕಣ್ಣು ಮುಚ್ಚಿಕೊಂಡೇ ಇದ್ದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ.

"ದೊಡ್ಡಮ್ಮಾ," ಅಂದ, "ಅಪ್ಪ ಇನ್ನೂ ಇಳ್ದಿಲ್ವಾ?"

ಅವಳು ನನ್ನ ಮುಖ ನೋಡಿದಳು. ಹೇಳುವ ಕೆಲಸ ನನ್ನದೇ ಆಗಿತ್ತು.